ನೆಟ್ ಹೋದ ಕಂಪ್ಯೂಟರಿಗೂ ಒಂದು ಪಾಠಯೋಜನೆ ಬೇಕು

ನಾವು ಬರೆಯುವ ಪಾಠಯೋಜನೆಯಲ್ಲಿ ಎಲ್ಲದಕ್ಕೂ ಒಂದು ಕಾಲಂ ಇದೆ. ಕಲಿಕಾಂಶ, ಪೂರ್ವಜ್ಞಾನ, ಬೋಧನೋಪಕರಣ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಮೌಲ್ಯಮಾಪನ. ಆ ಬೋಧನೋಪಕರಣ ತರಗತಿಯಲ್ಲೇ ಕೈಕೊಟ್ಟರೆ ಏನು ಮಾಡಬೇಕು ಎಂಬುದಕ್ಕೆ ಮಾತ್ರ ಒಂದು ಗೆರೆಯೂ ಇಲ್ಲ. ವಿಜ್ಞಾನದ ಉಳಿದ ಉಪಕರಣಗಳ ವಿಷಯದಲ್ಲಿ ಇದರಿಂದ ದೊಡ್ಡ ತೊಂದರೆ ಆಗಿಲ್ಲ. ಸರಳ ಮಂಡಲದ ಬಲ್ಬು ಹತ್ತದಿದ್ದರೆ ಕೋಶ ಬದಲಿಸುತ್ತೇವೆ, ತಂತಿಯ ತುದಿ ಉಜ್ಜುತ್ತೇವೆ, ಸ್ವಿಚ್ಚನ್ನು ಬದಿಗಿಟ್ಟು ನೇರವಾಗಿ ಜೋಡಿಸಿ ನೋಡುತ್ತೇವೆ. ಮಕ್ಕಳೂ ಕೈಹಾಕುತ್ತಾರೆ. ಬಲ್ಬು ಮೊದಲ ಸಲಕ್ಕೇ ಹತ್ತಿದ ಪಾಠಕ್ಕಿಂತ ಹತ್ತದೆ ಸತಾಯಿಸಿದ ಪಾಠವೇ ಅವರಿಗೆ ಹೆಚ್ಚು ದಿನ ನೆನಪಿರುತ್ತದೆ. ಕಂಪ್ಯೂಟರಿನ ನೆಟ್ ಹೋಯಿತೆಂದರೆ ಹಾಗಲ್ಲ. ಯಂತ್ರಕ್ಕೆ ಹೊದಿಕೆ ಹೊದಿಸುತ್ತೇವೆ, "ಟೆಕ್ನಿಷಿಯನ್ ಬರಬೇಕು" ಎನ್ನುತ್ತೇವೆ, ಕಪ್ಪುಹಲಗೆಯ ಕಡೆ ತಿರುಗುತ್ತೇವೆ. ಅವಲೋಕನಕ್ಕೆ ಬಂದ ಗುರುಗಳೂ ಅದನ್ನು ನಮ್ಮ ದುರದೃಷ್ಟವೆಂದು ಕನಿಕರಿಸಿ ಮುಂದೆ ಹೋಗುತ್ತಾರೆ.

ನನ್ನ ವಾದ ಇಷ್ಟೇ: ನೆಟ್ ಹೋದ ಹೊತ್ತಿನಲ್ಲಿ ಆ ಕೋಣೆಯಲ್ಲಿರುವ ಅತ್ಯುತ್ತಮ ಬೋಧನೋಪಕರಣ ಆ ಕಂಪ್ಯೂಟರೇ. ಅದನ್ನು ಹಾಗೆ ಬಳಸಲು ಪ್ರಶಿಕ್ಷಣಾರ್ಥಿಗಳಿಗೆ ತರಬೇತಿ ಕೊಡಬೇಕು, ಬಳಸಿದವರಿಗೆ ಅಂಕವನ್ನೂ ಕೊಡಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಸಮೀರವಾಡಿ ಸುತ್ತಿನ ಒಂದು ಪ್ರೌಢಶಾಲೆಯಲ್ಲಿ ನಮ್ಮ ತಂಡದ ಇಂಟರ್ನ್‌ಶಿಪ್ ನಡೆದಿತ್ತು. ಅಲ್ಲಿನ ಕಂಪ್ಯೂಟರ್ ಕೋಣೆಯಲ್ಲಿ ಕೆಲಸಕ್ಕೆ ಬರುವ ಸ್ಥಿತಿಯಲ್ಲಿದ್ದದ್ದು ಒಂದೇ ಡೆಸ್ಕ್‌ಟಾಪ್. ಒಂದು ಅಪ್‌ಡೇಟ್ ಆದ ಮೇಲೆ ಅದು ಪದೇ ಪದೇ ತಾನಾಗಿಯೇ ಮುಚ್ಚಿ ತೆರೆಯತೊಡಗಿತು. ಯಾರೋ ತಿಳಿದವರು ಸಿಸ್ಟಮ್ ರಿಸ್ಟೋರ್ ಮಾಡಿದರು. ಯಂತ್ರ ಸರಿಯಾಯಿತು, ಆದರೆ ಇಂಟರ್ನೆಟ್ ಹೋಯಿತು. ಬ್ರೌಸರ್ ತೆರೆದರೆ ಸಂಪರ್ಕವಿಲ್ಲ ಎಂಬ ಸೂಚನೆ, ಮೂಲೆಯಲ್ಲಿ ಗುರುತು ಸಿಗದ ಜಾಲವೆಂಬ ಎಚ್ಚರಿಕೆ. "ಟೀಚರ, ನೆಟ್ ಬರವಲ್ದ್ರಿ" ಎಂದು ಒಂಬತ್ತನೆಯ ತರಗತಿಯ ಹುಡುಗರು ಸುದ್ದಿ ತಂದರು. ಮುಧೋಳದಿಂದಲೋ ಜಮಖಂಡಿಯಿಂದಲೋ ಯಾರಾದರೂ ಬರುವವರೆಗೆ ಕಾಯುವುದೆಂದು ತೀರ್ಮಾನವಾಯಿತು. ಕಾದರು, ಯಾರೂ ಬರಲಿಲ್ಲ. ಎರಡನೆಯ ವಾರ ನಾನು ಮುಖ್ಯೋಪಾಧ್ಯಾಯರ ಅನುಮತಿ ಕೇಳಿದೆ. ಯಂತ್ರದ ಪೆಟ್ಟಿಗೆ ಬಿಚ್ಚುವುದಿಲ್ಲ, ಏನನ್ನಾದರೂ ಬದಲಿಸುವ ಮೊದಲು ಹಳೆಯದನ್ನು ಬರೆದಿಡುತ್ತೇವೆ ಎಂಬ ಎರಡು ಮಾತು ಕೊಟ್ಟ ಮೇಲೆ ಒಪ್ಪಿಗೆ ಸಿಕ್ಕಿತು. ಬೇರೆಯವರ ಶಾಲೆಯಲ್ಲಿ ನಾವು ಅತಿಥಿಗಳು; ಈ ಅನುಮತಿಯ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಸಿಸ್ಟಮ್ ರಿಸ್ಟೋರ್ ಎಂದರೇನೆಂದು ಮೊದಲು ಮಕ್ಕಳಿಗೆ ತಿಳಿಯಬೇಕಿತ್ತು. ಮೈಕ್ರೋಸಾಫ್ಟ್ ಇದನ್ನು 2000ದಲ್ಲಿ ವಿಂಡೋಸ್ ಎಂಇ ಜೊತೆಗೆ ತಂದಿತು. ಹೊಸ ತಂತ್ರಾಂಶವನ್ನೋ ಅಪ್‌ಡೇಟನ್ನೋ ಹಾಕುವ ಮುನ್ನ ಯಂತ್ರ ತನ್ನ ಸ್ಥಿತಿಯ ಒಂದು ಗುರುತು ಇಟ್ಟುಕೊಳ್ಳುತ್ತದೆ. ಮುಂದೆ ಕೆಟ್ಟರೆ ಆ ಗುರುತಿಗೆ ಮರಳಬಹುದು. ಮರಳುವುದು ಎಲ್ಲವೂ ಅಲ್ಲ. ನಾವು ಬರೆದಿಟ್ಟ ಕಡತ, ಫೋಟೋಗಳನ್ನು ಅದು ಮುಟ್ಟುವುದಿಲ್ಲ. ವಿಂಡೋಸ್‌ನ ಕಡತಗಳು, ಡ್ರೈವರ್‌ಗಳು, ರಿಜಿಸ್ಟ್ರಿ ಎಂಬ ಹೊಂದಾಣಿಕೆಗಳ ದೊಡ್ಡ ಖಾತೆ, ನಡುವೆ ಹಾಕಿದ ತಂತ್ರಾಂಶಗಳು, ಇವು ಹಿಂದಕ್ಕೆ ಹೋಗುತ್ತವೆ. ಗುರುತು ಇಟ್ಟ ಮೇಲೆ ನುಡಿ ತಂತ್ರಾಂಶ ಹಾಕಿದ್ದರೆ ಅದನ್ನು ಮತ್ತೆ ಹಾಕಬೇಕಾಗುತ್ತದೆ. ಒಬ್ಬ ಹುಡುಗ ಕೇಳಿದ: "ಹಂಗಾದ್ರ ತಾರೀಖೂ ಹಿಂದ ಹೋಗತೈತೇನ್ರಿ?" ಇಲ್ಲ, ಹೋಗುವುದಿಲ್ಲ, ಗಡಿಯಾರ ತನ್ನ ಪಾಡಿಗೆ ತಾನು ನಡೆಯುತ್ತದೆ. ಆದರೆ ಪ್ರಶ್ನೆ ಎಷ್ಟು ಸರಿಯಾದ ಜಾಗಕ್ಕೆ ಬಿದ್ದಿತ್ತೆಂದರೆ, ಆ ದಿನದ ಪಾಠವೆಲ್ಲ ಅದರ ಮೇಲೆಯೇ ನಿಂತಿತು. ಯಂತ್ರದ ಒಂದು ಭಾಗ ಹಿಂದಿನ ಕಾಲಕ್ಕೆ ಹೋಗಿದೆ. ಅದರ ಹೊರಗಿನ ಲೋಕ ಹೋಗಿಲ್ಲ. ಇವೆರಡರ ನಡುವೆ ಹೊಂದಿಕೆ ತಪ್ಪಿದ ಜಾಗ ಯಾವುದು?

ಜಾಲದ ಪರಿಚಯಕ್ಕೆ ನಾನು ಯಾವ ಚಿತ್ರಪಟವನ್ನೂ ಒಯ್ದಿರಲಿಲ್ಲ. ಈ ಭಾಗದ ಕಬ್ಬಿನ ಹೊಲಗಳಲ್ಲಿ ಹನಿ ನೀರಾವರಿ ನೋಡದ ಮಕ್ಕಳು ಕಡಿಮೆ. ಹೊಲದ ಕೊನೆಯ ಸಾಲಿಗೆ ನೀರು ಬರದಿದ್ದರೆ ಅಪ್ಪ ಮೊದಲು ಏನು ನೋಡುತ್ತಾರೆ ಎಂದು ಕೇಳಿದೆ. ಕರೆಂಟು ಇದೆಯೇ, ಮೋಟಾರು ನಡೆದಿದೆಯೇ, ಮುಖ್ಯ ಪೈಪಿನ ವಾಲ್ವು ತೆರೆದಿದೆಯೇ, ಫಿಲ್ಟರು ಕಟ್ಟಿದೆಯೇ, ಪಕ್ಕದ ಸಾಲಿಗೆ ನೀರು ಬರುತ್ತಿದೆಯೇ. ಐದು ನಿಮಿಷದಲ್ಲಿ ಹಲಗೆಯ ಮೇಲೆ ಇಡೀ ಕ್ರಮ ಬಂತು, ಅದೂ ಅವರ ಬಾಯಿಂದಲೇ. ಪಕ್ಕದ ಸಾಲಿಗೆ ನೀರು ಬರುತ್ತಿದ್ದರೆ ಮೋಟಾರನ್ನು ನೋಡುವ ಅಗತ್ಯವೇ ಇಲ್ಲ ಎಂಬ ತರ್ಕವನ್ನೂ ಅವರೇ ಹೇಳಿದರು. ಪೂರ್ವಜ್ಞಾನ ಎಂಬ ಕಾಲಮ್ಮಿನಲ್ಲಿ ನಾವು "ವಿದ್ಯಾರ್ಥಿಗಳು ಕಂಪ್ಯೂಟರಿನ ಭಾಗಗಳನ್ನು ತಿಳಿದಿರುತ್ತಾರೆ" ಎಂದು ಬರೆಯುತ್ತೇವಲ್ಲ, ನಿಜವಾದ ಪೂರ್ವಜ್ಞಾನ ಹೊಲದಲ್ಲಿತ್ತು.

ಇಲ್ಲಿ ಪಕ್ಕದ ಸಾಲು ಎಂದರೆ ಶಿಕ್ಷಕರೊಬ್ಬರ ಮೊಬೈಲು. ಅದೇ ರೂಟರಿನ ವೈಫೈಗೆ ಜೋಡಿಸಿದೆವು, ನೆಟ್ ಬಂತು. ಹೊರಗಿನ ಲೈನೂ ರೂಟರೂ ಸರಿ ಇವೆ. ಒಂದೇ ಪರೀಕ್ಷೆಯಲ್ಲಿ ಅರ್ಧ ಅನುಮಾನ ಅಳಿಸಿಹೋಯಿತು. ಮುಂದೆ ಕೇಬಲ್. ಡೆಸ್ಕ್‌ಟಾಪಿನ ಹಿಂಬದಿ, ಕೇಬಲ್ ಸಿಗುವ ಜಾಗದಲ್ಲಿ ಪುಟ್ಟ ದೀಪಗಳಿರುತ್ತವೆ. "ದೀಪ ಹತ್ಯಾವ್ರಿ" ಎಂದು ಮೇಜಿನ ಕೆಳಗಿನಿಂದ ಕೂಗು ಬಂತು. ಕೇಬಲ್ ಕಿತ್ತರೆ ದೀಪ ಆರಿತು, ಹಾಕಿದರೆ ಹತ್ತಿತು. ಡಿವೈಸ್ ಮ್ಯಾನೇಜರ್ ತೆರೆದು ನೋಡಿದಾಗ ನೆಟ್‌ವರ್ಕ್ ಅಡಾಪ್ಟರಿನ ಮುಂದೆ ಹಳದಿ ತ್ರಿಕೋನ ಇರಲಿಲ್ಲ. ಇದ್ದಿದ್ದರೆ ರಿಸ್ಟೋರಿನಲ್ಲಿ ಡ್ರೈವರ್ ಹಳೆಯದಾಗಿದೆ ಅಥವಾ ಕೆಟ್ಟಿದೆ ಎಂದು ಆ ದಾರಿ ಹಿಡಿಯಬೇಕಾಗುತ್ತಿತ್ತು. ಅನೇಕ ಯಂತ್ರಗಳಲ್ಲಿ ರಿಸ್ಟೋರಿನ ನಂತರ ನೆಟ್ ಹೋಗುವುದು ಆ ಕಾರಣದಿಂದಲೇ.

ಮುಂದಿನದು ಕಮಾಂಡ್ ಪ್ರಾಂಪ್ಟ್. ಕಪ್ಪು ಕಿಟಕಿ ಕಂಡ ಕೂಡಲೇ ಮಕ್ಕಳ ಮುಖದಲ್ಲಿ ಒಂದು ಗಾಂಭೀರ್ಯ ಬರುತ್ತದೆ, ಸಿನಿಮಾದ ಪ್ರಭಾವ ಇರಬೇಕು. ಐಪಿಕಾನ್ಫಿಗ್ ಎಂಬ ಆದೇಶ ಕೊಟ್ಟರೆ ಯಂತ್ರ ತನ್ನ ವಿಳಾಸ ಹೇಳುತ್ತದೆ. ಆ ವಿಳಾಸ 169.254 ಎಂದು ಶುರುವಾದರೆ ರೂಟರಿನಿಂದ ವಿಳಾಸ ಸಿಗದೆ ಯಂತ್ರ ತನಗೆ ತಾನೇ ಒಂದನ್ನು ಕೊಟ್ಟುಕೊಂಡಿದೆ ಎಂದರ್ಥ. ನಮ್ಮದರಲ್ಲಿ ಹಾಗಿರಲಿಲ್ಲ. ವಿಳಾಸ 192.168.0.25, ಗೇಟ್‌ವೇ 192.168.0.1. ನೋಡಲು ಎಲ್ಲ ಸರಿ. ಇನ್ನು ಪಿಂಗ್. ಇದು ಬಾಗಿಲು ತಟ್ಟಿ ಒಳಗೆ ಯಾರಾದರೂ ಇದ್ದೀರಾ ಎಂದು ಕೇಳಿದಂತೆ. 127.0.0.1ಕ್ಕೆ ಪಿಂಗ್ ಮಾಡಿದರೆ ಯಂತ್ರ ತನ್ನೊಳಗೇ ತಟ್ಟಿಕೊಳ್ಳುತ್ತದೆ. ಉತ್ತರ ಬಂತು, ಅಂದರೆ ಜಾಲದ ತಂತ್ರಾಂಶ ಒಳಗೆ ಸರಿಯಾಗಿದೆ. ಗೇಟ್‌ವೇಗೆ ತಟ್ಟಿದಾಗಲೂ "ರಿಪ್ಲೈ" ಎಂಬ ಪದ ಬಂತು, ಮಕ್ಕಳು ಚಪ್ಪಾಳೆಗೆ ಸಿದ್ಧರಾದರು. ಪೂರ್ತಿ ಸಾಲು ಓದಿ ಎಂದೆ. ಉತ್ತರ ಬಂದದ್ದು 192.168.0.25ರಿಂದ, ಅಂದರೆ ನಮ್ಮದೇ ಯಂತ್ರದಿಂದ. ಆ ಮನೆಗೆ ತಲುಪಲಾಗಲಿಲ್ಲ ಎಂದು ಅದು ನಮಗೇ ಹೇಳುತ್ತಿತ್ತು. ಪದ ನೋಡಿ ನಂಬುವುದಕ್ಕೂ ಸಾಲು ಓದಿ ನಂಬುವುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಸಾಮಗ್ರಿ ನನಗೆ ಬೇರೆ ಸಿಕ್ಕಿಲ್ಲ.

ಹಾಗಾದರೆ ರೂಟರ್ ಇದೆ, ಕೇಬಲ್ ಇದೆ, ಆದರೆ 192.168.0.1 ಎಂಬ ಮನೆ ಇಲ್ಲ. ನೆಟ್ ಬರುತ್ತಿರುವ ಮೊಬೈಲಿಗೆ ಗೇಟ್‌ವೇ ಯಾವುದು? ವೈಫೈ ವಿವರ ತೆರೆದು ಹಲಗೆಯ ಮೇಲೆ ಒಂದರ ಕೆಳಗೆ ಒಂದು ಬರೆದೆವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು: "ಅಲ್ಲಿ ಒಂದು ಐತಿ, ಇಲ್ಲಿ ಸೊನ್ನಿ ಐತ್ರಿ." ಮೊಬೈಲಿನಲ್ಲಿ ಇದ್ದದ್ದು 192.168.1.1.

ಕಥೆ ಬಿಚ್ಚಿಕೊಂಡಿತು. ಹಿಂದೆ ಯಾವಾಗಲೋ ಈ ಯಂತ್ರಕ್ಕೆ ಕೈಯಿಂದ ಖಾಯಂ ವಿಳಾಸ ಬರೆದಿದ್ದರು. ಆಮೇಲೆ ಶಾಲೆಗೆ ಹೊಸ ರೂಟರ್ ಬಂತು. ಆಗ ಯಾರೋ ವಿಳಾಸವನ್ನು ತಾನಾಗಿ ಪಡೆಯುವಂತೆ ಬದಲಿಸಿದ್ದರು. ರಿಸ್ಟೋರ್ ಯಂತ್ರವನ್ನು ಆ ಬದಲಾವಣೆಗಿಂತ ಹಿಂದಿನ ದಿನಕ್ಕೆ ಒಯ್ದು ಹಳೆಯ ವಿಳಾಸವನ್ನು ಮರಳಿಸಿತ್ತು. ಈಗ ಇಲ್ಲದ ಮನೆಯ ಬಾಗಿಲನ್ನು ಅದು ತಟ್ಟುತ್ತ ಕೂತಿತ್ತು. ಹಳೆಯ ಸಂಖ್ಯೆಗಳನ್ನು ಬರೆದಿಟ್ಟುಕೊಂಡು, ವಿಳಾಸ ತಾನಾಗಿ ಪಡೆ ಎಂಬ ಆಯ್ಕೆಯನ್ನು ಒತ್ತಿದೆವು. ನೆಟ್ ಬಂತು. ಇದಕ್ಕೆ ಹಿಡಿದದ್ದು ಒಂದು ಅವಧಿ ಮತ್ತು ಆಟದ ಅವಧಿಯಲ್ಲಿ ಕದ್ದ ಹತ್ತು ನಿಮಿಷ.

ಈಗ ವಾದಕ್ಕೆ ಬರುತ್ತೇನೆ. ಜಾನ್ ಡ್ಯೂಯಿ 1910ರ "ಹೌ ವಿ ಥಿಂಕ್" ಪುಸ್ತಕದಲ್ಲಿ ಹೇಳಿದ ಚಿಂತನೆಯ ಐದು ಹಂತಗಳನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ. ತೊಡಕೊಂದು ಅನುಭವಕ್ಕೆ ಬರುವುದು, ಅದು ಎಲ್ಲಿದೆ ಏನಿದೆ ಎಂದು ಗುರುತಿಸುವುದು, ಪರಿಹಾರವನ್ನು ಊಹಿಸುವುದು, ಊಹೆ ನಿಜವಾದರೆ ಏನಾಗಬೇಕೆಂದು ತರ್ಕಿಸುವುದು, ಮತ್ತೆ ನೋಡಿ ಪ್ರಯೋಗಿಸಿ ಒಪ್ಪುವುದು ಇಲ್ಲವೇ ಬಿಡುವುದು. ಸಮಸ್ಯಾ ಪರಿಹಾರ ವಿಧಾನದ ಪಾಠ ಮಾಡಿರೆಂದರೆ ನಾವು ಕೃತಕ ಸಮಸ್ಯೆ ಕಟ್ಟಿಕೊಂಡು ಹೋಗುತ್ತೇವೆ. ಅದರ ಉತ್ತರ ನಮಗೂ ಗೊತ್ತು, ನಮಗೆ ಗೊತ್ತೆಂದು ಮಕ್ಕಳಿಗೂ ಗೊತ್ತು, ಗೊತ್ತಿಲ್ಲದಂತೆ ಇಬ್ಬರೂ ನಟಿಸುತ್ತೇವೆ. ನೆಟ್ ಹೋದ ದಿನ ಉತ್ತರ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂಥ ಸನ್ನಿವೇಶ ಶಾಲೆಯಲ್ಲಿ ಎಷ್ಟು ಸಲ ಸಿಗುತ್ತದೆ?

ಪರಿಹಾರವನ್ನಷ್ಟೇ ಬಯಸುವವರು ಬೇರೆ ದಾರಿ ಹಿಡಿಯುತ್ತಾರೆ. ನೆಟ್‌ಶೆಲ್‌ನಲ್ಲಿ ವಿನ್‌ಸಾಕ್ ರಿಸೆಟ್, ಐಪಿ ರಿಸೆಟ್ ಎಂಬ ಆದೇಶಗಳಿವೆ. ಯಾರಿಂದಲೋ ಬರೆದುಕೊಂಡ ಇಂಥ ನಾಲ್ಕೈದು ಆದೇಶಗಳನ್ನು ಮಂತ್ರದಂತೆ ಸಾಲಾಗಿ ಒತ್ತಿ, ಯಂತ್ರ ಮುಚ್ಚಿ ತೆರೆದರೆ ಎಷ್ಟೋ ಸಲ ನೆಟ್ ಬರುತ್ತದೆ. ನಮ್ಮ ಯಂತ್ರದಲ್ಲೂ ಬರಬಹುದಿತ್ತು. ತಂತ್ರಜ್ಞನಿಗೆ ಅದು ಸಾಕು, ಅವನಿಗೆ ಮುಂದಿನ ಊರಿಗೆ ಹೋಗಬೇಕು. ಶಿಕ್ಷಕರಿಗೆ ಸಾಲದು, ಏಕೆಂದರೆ ಯಾವುದರಿಂದ ಸರಿಯಾಯಿತೆಂದು ಹೇಳಲು ಆಗುವುದಿಲ್ಲ, ದೋಷದ ಗುರುತೂ ಅಳಿಸಿಹೋಗುತ್ತದೆ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಉಳಿದದ್ದನ್ನು ಹಾಗೇ ಇಡಬೇಕೆಂದು ದ್ಯುತಿಸಂಶ್ಲೇಷಣೆಯ ಪ್ರಯೋಗದಲ್ಲಿ ನಾವು ಒತ್ತಿ ಹೇಳುತ್ತೇವೆ. ಕಂಪ್ಯೂಟರ್ ಕೋಣೆಯ ಹೊಸ್ತಿಲು ದಾಟಿದೊಡನೆ ಅದನ್ನು ಏಕೆ ಮರೆಯಬೇಕು?

ಆಕ್ಷೇಪಗಳಿವೆ, ಅವು ಸುಳ್ಳಲ್ಲ. ಪಠ್ಯ ಮುಗಿಸಬೇಕು, ಅವಧಿ 40 ನಿಮಿಷದ್ದು, ನಾವು ರಿಪೇರಿಯವರಲ್ಲ ಎಂದು ನನ್ನ ಸಹಪಾಠಿಗಳೇ ಹೇಳುತ್ತಾರೆ. ವಿದ್ಯುತ್ತಿನ ದೋಷ, ಸುಟ್ಟ ವಾಸನೆ, ಪೆಟ್ಟಿಗೆಯ ಒಳಭಾಗ, ವಾರಂಟಿ ಇರುವ ಯಂತ್ರ, ಇವನ್ನು ಮುಟ್ಟಲೇಬಾರದು ಎಂಬುದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ದೋಷ ಸಿಗದೇ ಹೋದರೆ ಪಾಠ ವ್ಯರ್ಥವಾಯಿತೆಂಬ ಮಾತನ್ನು ಒಪ್ಪಲಾರೆ. ರೂಟರಿನಲ್ಲಿ ಇಲ್ಲ, ಕೇಬಲಿನಲ್ಲಿ ಇಲ್ಲ, ಅಡಾಪ್ಟರಿನಲ್ಲಿ ಇಲ್ಲ ಎಂದು ಕಾರಣಸಹಿತ ಬರೆದ ಒಂದು ಹಾಳೆ ಟೆಕ್ನಿಷಿಯನ್ ಕೈಗೆ ಸಿಕ್ಕರೆ ಅವನ ಅರ್ಧ ಕೆಲಸ ಮುಗಿದಂತೆ. ಕಾಯುವ ಎರಡು ವಾರದಲ್ಲಿ ಮಕ್ಕಳು ಕಳೆದುಕೊಳ್ಳುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಗುವಿಗೆ ಶಾಲೆಯ ಆ ಒಂದು ಯಂತ್ರವೇ ಎಲ್ಲ.

ಇನ್ನೊಂದು ವಿಷಯ, ಇದನ್ನು ಅವಲೋಕನ ಮಾಡುವ ಗುರುಗಳು ದಯವಿಟ್ಟು ಗಮನಿಸಬೇಕು. ಯಂತ್ರ ಕೆಟ್ಟಾಗ ಹುಡುಗರು ಮುನ್ನುಗ್ಗುತ್ತಾರೆ, ಹುಡುಗಿಯರು ನೋಟ್‌ಬುಕ್ ಹಿಡಿದು ಹಿಂದೆ ನಿಲ್ಲುತ್ತಾರೆ. ಸರದಿ ಹಾಕದಿದ್ದರೆ ಕೀಲಿಮಣೆ ಕೊನೆಯವರೆಗೂ ಒಂದೇ ಗುಂಪಿನ ಕೈಯಲ್ಲಿರುತ್ತದೆ. ಸೊನ್ನೆ ಮತ್ತು ಒಂದರ ವ್ಯತ್ಯಾಸ ಕಂಡದ್ದು ಹಿಂದೆ ನಿಂತವರಿಗೆ ಎಂಬುದು ಅಚ್ಚರಿಯಲ್ಲ. ಸಾಲುಗಳನ್ನು ನಿಜವಾಗಿ ಬರೆದುಕೊಂಡಿದ್ದವರು ಅವರೇ.

ಇದು ಎಲ್ಲಿಯೂ ನಡೆಯದ ಕನಸೇನಲ್ಲ. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಐಸಿಟಿ ಪಠ್ಯಪುಸ್ತಕವನ್ನು ಕನ್ನಡದಲ್ಲೇ ಓದುತ್ತಾರೆ, ಎಸ್‌ಎಸ್‌ಎಲ್‌ಸಿಯಲ್ಲಿ ಅದರ ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸುತ್ತಾರೆ. 2018ರಲ್ಲಿ ಅಲ್ಲಿ ಶುರುವಾದ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಕೂಟಗಳು ಪ್ರೌಢಶಾಲೆಯ ಮಕ್ಕಳಿಗೆ ಅನಿಮೇಷನ್, ಸೈಬರ್ ಸುರಕ್ಷತೆಗಳ ಜೊತೆಗೆ ಹಾರ್ಡ್‌ವೇರ್ ತರಬೇತಿಯನ್ನೂ ಕೊಡುತ್ತ ಬಂದಿವೆ. ಅಲ್ಲಿ ಬಳಸುವುದು ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶ, ಆದ್ದರಿಂದ ಒತ್ತುವ ಗುಂಡಿಗಳು ಬೇರೆ. ಬಾಗಿಲು ತಟ್ಟುವ ಕ್ರಮ ಅದೇ. ನಮ್ಮಲ್ಲಿ ಮಾಹಿತಿ ಸಿಂಧುವಿನಿಂದ ಹಿಡಿದು ಟಿಎಎಲ್‌ಪಿ ತನಕ ಯೋಜನೆಗಳು ಬಂದಿವೆ, ಯಂತ್ರಗಳೂ ಬಂದಿವೆ. ಯಂತ್ರ ಕೆಟ್ಟ ದಿನ ಅದು ಯಾರ ಪಾಠ ಎಂಬುದನ್ನು ತೀರ್ಮಾನಿಸುವುದು ಬಾಕಿ ಇದೆ.

ನಮ್ಮ ಕಾಲೇಜಿನ ಮಟ್ಟದಲ್ಲಿ ಮಾಡಬಹುದಾದದ್ದು ಇದೆ. ಎನ್‌ಸಿಟಿಇಯ 2014ರ ನಿಯಮಾವಳಿಯಿಂದ ಬಿ.ಇಡಿ. ಎರಡು ವರ್ಷದ್ದಾಯಿತು, ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆ ಎಂಬ ಪತ್ರಿಕೆಯೂ ಬಂತು. ವಿಮರ್ಶಾತ್ಮಕ ಎಂಬ ಪದ ಇದ್ದರೂ ಆ ಪತ್ರಿಕೆಯ ಪ್ರಾಯೋಗಿಕ ಕೆಲಸ ಬಹುಮಟ್ಟಿಗೆ ಸ್ಲೈಡು ಮಾಡುವುದರಲ್ಲಿ ಮುಗಿಯುತ್ತದೆ. ಅದರಲ್ಲಿ ಒಂದು ಕೆಲಸವನ್ನಾದರೂ ದೋಷಪತ್ತೆಗೆ ಮೀಸಲಿಡಬಹುದು. ಅವಲೋಕನ ಪತ್ರದಲ್ಲಿ "ಉಪಕರಣ ಕೈಕೊಟ್ಟಾಗ ನಿರ್ವಹಿಸಿದ ರೀತಿ" ಎಂದು ಒಂದು ಸಾಲು ಸೇರಿಸಬಹುದು. ಇಂಟರ್ನ್‌ಶಿಪ್ಪಿಗೆ ಹೋಗುವ ತಂಡ ಪ್ರತಿ ಶಾಲೆಯ ಕಂಪ್ಯೂಟರಿನ ಪಕ್ಕ ಒಂದು ದೋಷ ಪುಸ್ತಕ ಇಟ್ಟು ಬರಬಹುದು. ಸಮೀರವಾಡಿಯ ಮಕ್ಕಳಿಗೆ ಇದನ್ನು ವಿವರಿಸುವುದೇ ಬೇಡ. ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುವವರ ಮನೆಯಲ್ಲಿ ಶಿಫ್ಟ್ ಬದಲಾಗುವಾಗ ಏನಾಯಿತೆಂದು ಬರೆದು ಒಪ್ಪಿಸುವ ರೂಢಿ ಗೊತ್ತು. ಕಡಿದ ಕಬ್ಬು ಕಾಯುವುದಿಲ್ಲ, ತಡವಾದಷ್ಟೂ ಸಕ್ಕರೆ ಅಂಶ ಕಳೆದುಕೊಳ್ಳುತ್ತದೆ. ಯಂತ್ರ ನಿಂತರೆ ಎಲ್ಲಿ ನಿಂತಿತೆಂದು ಬೇಗ ಗೊತ್ತಾಗಬೇಕು. ನಮ್ಮ ಶಾಲೆಯ ರೂಟರ್ ಬದಲಾದ ದಿನ ಯಾರಾದರೂ ಒಂದು ಸಾಲು ಬರೆದಿಟ್ಟಿದ್ದರೆ ಆ ಎರಡು ವಾರ ಉಳಿಯುತ್ತಿತ್ತು.

ಸೂಕ್ಷ್ಮ ಬೋಧನೆಗೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ. ಶೋಧಕ ಪ್ರಶ್ನೆಗಳ ಕೌಶಲವನ್ನು ನಾವು ಸಹಪಾಠಿಗಳನ್ನೇ ಎಂಟನೆಯ ತರಗತಿಯ ಮಕ್ಕಳೆಂದು ಭಾವಿಸಿ ಆರು ನಿಮಿಷ ಅಭ್ಯಾಸ ಮಾಡುತ್ತೇವೆ. ಆ ಮಕ್ಕಳಿಗೆ ಎಲ್ಲ ಉತ್ತರವೂ ಗೊತ್ತಿರುವುದರಿಂದ ಶೋಧಿಸಲು ಏನೂ ಉಳಿದಿರುವುದಿಲ್ಲ. ಅದರ ಬದಲು ಕಾಲೇಜಿನ ಹಳೆಯ ಯಂತ್ರವೊಂದರಲ್ಲಿ ಮಾರ್ಗದರ್ಶಕರು ಗುಟ್ಟಾಗಿ ಒಂದು ದೋಷ ಇಟ್ಟು ಕೊಡಲಿ: ತಪ್ಪು ಗೇಟ್‌ವೇ, ನಿಷ್ಕ್ರಿಯಗೊಳಿಸಿದ ಅಡಾಪ್ಟರ್, ತಪ್ಪು ಡಿಎನ್‌ಎಸ್, ಇಲ್ಲವೇ ಹತ್ತು ವರ್ಷ ಹಿಂದಿನ ತಾರೀಖು. ಕೊನೆಯದು ತಮಾಷೆಯ ದೋಷ. ಪಿಂಗ್‌ಗೆ ಉತ್ತರ ಬರುತ್ತದೆ, ಆದರೆ ಪ್ರಮಾಣಪತ್ರದ ಅವಧಿ ಹೊಂದದೆ ಸುರಕ್ಷಿತ ತಾಣಗಳು ತೆರೆಯಲು ಒಪ್ಪುವುದಿಲ್ಲ. ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತ ಹಳೆಯ ಯಂತ್ರಗಳಲ್ಲಿ ಇದು ತಾನಾಗಿಯೇ ಆಗುತ್ತದೆ. ಮಾರ್ಗದರ್ಶಕರಲ್ಲಿ ಒಂದೇ ವಿನಂತಿ: ಸಡಿಲವಾದ ಕೇಬಲನ್ನು ಮೊದಲ ದಿನವೇ ಇಡಬೇಡಿ. ಅದು ಎಲ್ಲರಿಗೂ ಬೇಗ ಸಿಕ್ಕಿಬಿಡುತ್ತದೆ, ಆಮೇಲೆ ವಾರವಿಡೀ ಎಲ್ಲರೂ ಕೇಬಲನ್ನೇ ಅಲುಗಾಡಿಸುತ್ತಿರುತ್ತೇವೆ.